ಹೆದ್ದಾರಿಗೆ ಹತ್ತುವ ಹತ್ತು ಸೆಕೆಂಡು

ಹತ್ತಿ ಬಿಡಿಸುವ ಕಾಲದಲ್ಲಿ, ಹೊತ್ತು ಮುಳುಗುವ ವೇಳೆಗೆ, ಯಾದಗಿರಿ ಸೀಮೆಯ ಹೆದ್ದಾರಿಯ ಯಾವ ಕ್ರಾಸಿನಲ್ಲಿ ನಿಂತರೂ ಕಾಣಸಿಗುವ ನೋಟವೊಂದುಂಟು. ಹೊಲದ ದಾರಿ ಹಿಡಿದು ಬಂದ ಟ್ರ್ಯಾಕ್ಟರೊಂದು, ಟ್ರೇಲರಿನ ತುಂಬ ಆಳೆತ್ತರಕ್ಕೆ ಹತ್ತಿಯನ್ನು ಹೇರಿಕೊಂಡು, ಟಾರು ರಸ್ತೆಗೆ ಏರುವ ದಿಣ್ಣೆಯಲ್ಲಿ ಏದುಸಿರು ಬಿಡುತ್ತ ಬಂದು, ಮುಂದಿನ ಗಾಲಿಗಳೆರಡನ್ನೂ ಹೆದ್ದಾರಿಯ ಅಂಚಿನ ಮೇಲಿಟ್ಟು ನಿಲ್ಲುತ್ತದೆ. ಒಂದು ಮಗ್ಗುಲಿಗೆ ಬಳ್ಳಾರಿ ಜಾಲಿಯ ಪೊದೆ; ಇನ್ನೊಂದು ಮಗ್ಗುಲಿಗೆ ಚಹಾದಂಗಡಿಯ ತಗಡಿನ ಚಪ್ಪರ, ಅದರ ಮುಂದೆ ಸವಾರಿಗಾಗಿ ಕಾದಿರುವ ಟಂಟಂ, ಅದಕ್ಕೊತ್ತಿಕೊಂಡು ಬಸ್ಸಿನ ದಾರಿ ನೋಡುತ್ತ ನಿಂತ ಹೆಣ್ಣುಮಕ್ಕಳು.

ಚಾಲಕನು ಸೀಟಿನಿಂದ ಅರ್ಧ ಎದ್ದು ಕತ್ತು ಚಾಚಿ ನೋಡುತ್ತಾನೆ. ದೂರದಲ್ಲಿ ಎರಡು ದೀಪಗಳು. ಅವು ಲಾರಿಯವೋ ಕಾರಿನವೋ, ಎಷ್ಟು ದೂರದಲ್ಲಿವೆ, ಎಷ್ಟು ವೇಗದಿಂದ ಬರುತ್ತಿವೆ ಎಂಬುದನ್ನೆಲ್ಲ ಕಣ್ಣಳತೆಯಿಂದಲೇ ನಿರ್ಣಯಿಸಿ ಅವನು ಕ್ಲಚ್ಚು ಬಿಡಬೇಕು. ಬಹುತೇಕ ದಿನ ಆ ನಿರ್ಣಯ ಸರಿಯಾಗಿಯೇ ಇರುತ್ತದೆ. ಸರಿಯಾದುದನ್ನು ಯಾರೂ ಬರೆದಿಡುವುದಿಲ್ಲ. ಒಂದು ದಿನ ತಪ್ಪಿದರೆ ಮಾತ್ರ ಠಾಣೆಯ ಕಡತದಲ್ಲೊಂದು ಪ್ರಕರಣ, ಪತ್ರಿಕೆಯಲ್ಲಿ ನಾಲ್ಕು ಸಾಲು, ಎರಡರಲ್ಲಿಯೂ ‘ಅತಿವೇಗ ಮತ್ತು ಅಜಾಗರೂಕತೆ’ ಎಂಬ ಮಾತು.

ಆ ಮಾತು ಸುಳ್ಳೆಂದು ಹೇಳುವಂತಿಲ್ಲ. ಆದರೆ ಸರಿಯಾದ ನಿರ್ಣಯವನ್ನು ಕೈಗೊಳ್ಳಲು ಆ ಜಾಗವು ಮನುಷ್ಯನಿಗೆ ಎಡೆಗೊಡುವಂತಿತ್ತೇ ಎಂಬ ಇನ್ನೊಂದು ಪ್ರಶ್ನೆ ಆ ಕಡತದಲ್ಲಿ ಸಾಮಾನ್ಯವಾಗಿ ಏಳುವುದೇ ಇಲ್ಲ. ಈ ಪ್ರಶ್ನೆಯನ್ನು ಅಪಘಾತಕ್ಕೆ ಮುಂಚಿತವಾಗಿ, ಅಳತೆಪಟ್ಟಿಯನ್ನು ಕೈಯಲ್ಲಿ ಹಿಡಿದು ಕೇಳುವ ಶಾಸ್ತ್ರವೊಂದಿದೆ. ಊರದಾರಿ, ಹೊಲದ ದಾರಿ, ಪೆಟ್ರೋಲ್ ಬಂಕು, ಧಾಬಾ, ಶಾಲೆಯ ಗೇಟು ಮುಂತಾದುವು ಹೆದ್ದಾರಿಗೆ ಬಂದು ಕೂಡುವ ಪ್ರವೇಶಸ್ಥಾನಗಳ ಸುರಕ್ಷತೆಯನ್ನು ಪರೀಕ್ಷಿಸುವುದೇ ಅದರ ವಿಷಯ.

ಒಂದು ರಸ್ತೆಗೆ ಎರಡು ಕೆಲಸ

ರಸ್ತೆಯಿಂದ ನಾವು ಬಯಸುವ ಪ್ರಯೋಜನಗಳು ಎರಡು: ದೂರ ಹೋಗುವವನನ್ನು ತಡೆಯಿಲ್ಲದೆ ಬೇಗ ಸಾಗಿಸುವುದು ಒಂದು, ಹತ್ತಿರದವನನ್ನು ಅವನ ಮನೆ, ಹೊಲ, ಅಂಗಡಿಗಳಿಗೆ ಮುಟ್ಟಿಸುವುದು ಇನ್ನೊಂದು. ಮೊದಲನೆಯದಕ್ಕೆ ಅಡ್ಡದಾರಿಗಳು ಕಡಿಮೆಯಿದ್ದಷ್ಟೂ ಹಿತ. ಎರಡನೆಯದಕ್ಕೆ ಹೆಚ್ಚಿದ್ದಷ್ಟೂ ಹಿತ. ಊರೊಳಗಿನ ಬೀದಿ ಎರಡನೆಯ ಕೆಲಸವನ್ನು ಮಾಡುತ್ತದೆ, ಬೇಲಿ ಹಾಕಿದ ಎಕ್ಸ್‌ಪ್ರೆಸ್‌ವೇ ಮೊದಲನೆಯದನ್ನು. ನಮ್ಮ ಜಿಲ್ಲೆಗಳ ಸಾಧಾರಣ ಹೆದ್ದಾರಿಯ ಮೇಲಾದರೋ ಎರಡೂ ಭಾರಗಳು ಒಟ್ಟಿಗೆ ಬಿದ್ದಿವೆ. ಪ್ರವೇಶಸ್ಥಾನವೆಂದರೆ ಆ ಎರಡು ಕೆಲಸಗಳು ಪರಸ್ಪರ ಎದುರಾಗುವ ಜಾಗ.

ಯಾದಗಿರಿ ಜಿಲ್ಲೆಯ ಬಳಿಚಕ್ರವನ್ನೇ ನೋಡಬಹುದು. ಹೋಬಳಿಯ ಕೇಂದ್ರವಾದುದರಿಂದ ಸುತ್ತಲಿನ ಹಳ್ಳಿಗಳವರು ನಾನಾ ಕೆಲಸಗಳಿಗಾಗಿ ಈ ಊರಿಗೆ ಬಂದು ಹೋಗುತ್ತಾರೆ. ಯಾದಗಿರಿಯಿಂದ ಸೈದಾಪುರದ ಕಡೆಗೆ ಹೋಗುವ ಮಾರ್ಗವೇ ಅವರಿಗೆ ಸಂತೆಯ ದಾರಿ, ಆಸ್ಪತ್ರೆಯ ದಾರಿ, ಹೊಲದ ದಾರಿ. ಅದೇ ಮಾರ್ಗವು ಕಲಬುರಗಿಯಿಂದ ವಾಡಿ, ಯಾದಗಿರಿಗಳ ಮೂಲಕ ತೆಲಂಗಾಣದ ಗಡಿಯ ಕೃಷ್ಣಾ ಎಂಬ ಊರಿನವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ರ ಅಂಗವೂ ಹೌದು. ರಾಯಚೂರು, ಕರ್ನೂಲುಗಳ ಕಡೆಯ ವಾಹನಗಳೂ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದ ಲಾರಿಗಳೂ ಓಡಾಡುವುದು ಇದರ ಮೇಲೆಯೇ.

ಜಿಲ್ಲೆಯ ಪಶ್ಚಿಮದಲ್ಲಿ, ಜೇವರ್ಗಿಯಿಂದ ಹೊರಟು ಶಹಾಪುರ, ಸುರಪುರಗಳನ್ನು ಹಾದು ಲಿಂಗಸುಗೂರಿನತ್ತ ಇಳಿಯುವ ರಾಷ್ಟ್ರೀಯ ಹೆದ್ದಾರಿ 150ಎಯ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ದೇಶದ ರಸ್ತೆಗಳ ಒಟ್ಟು ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇಕಡ 2ರ ಆಸುಪಾಸು. 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತ 1,68,491 ಮಂದಿಯಲ್ಲಿ ಶೇಕಡ 36ರಷ್ಟು ಜನ ಸತ್ತದ್ದು ಆ ಶೇಕಡ 2ರ ಮೇಲೆ.

ಬಳಿಚಕ್ರದ ಹತ್ತಿರ ನಡೆದದ್ದು

2023ರ ಜೂನ್ 6ರಂದು, ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯ ವೆಲುಗೋಡಿನಿಂದ ಕಲಬುರಗಿಯ ಖಾಜಾ ಬಂದೇನವಾಜರ ಉರುಸಿಗೆಂದು ಹೊರಟಿದ್ದ ಯಾತ್ರಿಕರ ಕ್ರೂಸರ್ ವಾಹನವು ಬಳಿಚಕ್ರದ ಸಮೀಪ ನಿಂತಿದ್ದ ಲಾರಿಗೆ ಬಡಿಯಿತು. ಐವರು ಮೃತರಾದರು, ಮಕ್ಕಳೂ ಅವರಲ್ಲಿದ್ದರು. ಹತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ಇದು ಅಡ್ಡದಾರಿಯಿಂದ ನುಗ್ಗಿ ಬಂದ ವಾಹನದಿಂದ ಆದ ಅಪಘಾತವಲ್ಲ. ಆದರೂ ಪ್ರವೇಶಸ್ಥಾನಗಳ ವಿಚಾರಕ್ಕೆ ಇದರಿಂದ ದೊರೆಯುವ ಪಾಠ ಸಣ್ಣದಲ್ಲ. ಹೆದ್ದಾರಿಯ ಮೇಲೆ ಚಲಿಸುವ ವಾಹನದಷ್ಟೇ ನಿಂತ ವಾಹನವೂ ಗಣನೆಗೆ ಬರಬೇಕಾದುದು. ಅಂಗಡಿ, ಹೋಟೆಲು, ಪಂಚರು ಹಾಕುವವನ ಗೂಡು, ಬಸ್ಸಿನ ತಂಗುದಾಣ ಎಲ್ಲಿರುವುವೋ ಅಲ್ಲಿ ವಾಹನಗಳು ನಿಂತೇ ನಿಲ್ಲುತ್ತವೆ. ಲಾರಿಯೊಂದು ನಿಲ್ಲುವುದಕ್ಕೆ ಚಹಾ, ನಿದ್ದೆ, ಕೆಟ್ಟ ಟೈರು ಎಂದು ನೂರು ಕಾರಣಗಳಿರಬಹುದು. ನಿಲ್ಲಲು ಪ್ರತ್ಯೇಕವಾದ ಜಾಗವಿಲ್ಲದಿದ್ದರೆ ಆ ನೂರೂ ಕಾರಣಗಳು ಕೊನೆಗೆ ಟಾರಿನ ಅಂಚಿಗೇ ಬಂದು ನಿಲ್ಲುತ್ತವೆ. ಕತ್ತಲಲ್ಲಿ ಹಿಂಬದಿಯ ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದ ಲಾರಿಯ ಬೆನ್ನು, ಎದುರು ವಾಹನದ ಪ್ರಖರ ಬೆಳಕು ಕಣ್ಣಿಗೆ ಹೊಡೆದಾಗ, ಕೆಲವೇ ಮೀಟರುಗಳ ದೂರಕ್ಕೆ ಬರುವವರೆಗೂ ಕಾಣುವುದಿಲ್ಲ.

ಹಕ್ಕೋ, ಅನುಮತಿಯೋ?

ಹೆದ್ದಾರಿಯನ್ನು ಬೇಕಾದಲ್ಲಿ ಬೇಕಾದವರು ಪ್ರವೇಶಿಸಬಾರದೆಂಬ ಭಾವನೆ ನೂರು ವರ್ಷಗಳಷ್ಟು ಹಳೆಯದು. 1924ರಲ್ಲಿ ಇಟಲಿಯ ಮಿಲಾನಿನಿಂದ ಸರೋವರಗಳ ಸೀಮೆಗೆ, ಮೋಟಾರುಗಳಿಗಾಗಿಯೇ ಮೀಸಲಾದ ಮಾರ್ಗವೊಂದು ತೆರೆಯಿತು. ಹೆದ್ದಾರಿಯ ಎರಡೂ ಮಗ್ಗುಲಿಗೆ ಮನೆ ಅಂಗಡಿಗಳು ಸಾಲುಗಟ್ಟಿ ಬೆಳೆಯುವುದನ್ನು ಕಂಡ ಬ್ರಿಟನ್, ಅದನ್ನು ತಡೆಯಲೆಂದು 1935ರಲ್ಲಿ ಶಾಸನವನ್ನೇ ಮಾಡಿತು. ನಮ್ಮಲ್ಲಿ ರಸ್ತೆಗಳ ವಿಚಾರಕ್ಕಾಗಿ 1927ರಲ್ಲಿ ನೇಮಕವಾದ ಜಯಕರ್ ಸಮಿತಿಯ ಫಲವಾಗಿ 1934ರಲ್ಲಿ ರಸ್ತೆ ಎಂಜಿನಿಯರರ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸ್ಥಾಪನೆಯಾಯಿತು. ಹೆದ್ದಾರಿಗಳಲ್ಲಿ ಪ್ರವೇಶವನ್ನು ನಿಯಂತ್ರಿಸುವ ಬಗೆಗೆ ಆ ಸಂಸ್ಥೆ 1976ರಲ್ಲಿಯೇ ಮಾರ್ಗಸೂಚಿಯನ್ನು ಹೊರಡಿಸಿತು.

ಶಾಸನಗಳೂ ಇಲ್ಲದಿಲ್ಲ. ರಾಜ್ಯದ ಹೆದ್ದಾರಿಗಳಿಗೆ 1964ರ ಕರ್ನಾಟಕ ಹೆದ್ದಾರಿಗಳ ಅಧಿನಿಯಮವಿದೆ. ರಾಷ್ಟ್ರೀಯ ಹೆದ್ದಾರಿಗಳಿಗೆ ಸಂಬಂಧಿಸಿ 2002ರ ಭೂಮಿ ಮತ್ತು ಸಂಚಾರ ನಿಯಂತ್ರಣ ಅಧಿನಿಯಮವು ಇನ್ನೂ ನಿಷ್ಠುರವಾಗಿ ನುಡಿಯುತ್ತದೆ: ಹೆದ್ದಾರಿ ಆಡಳಿತದ ಅನುಮತಿಯಿಲ್ಲದೆ ವಾಹನದ ಮೂಲಕವಾಗಲಿ, ಐದು ಅಥವಾ ಅದಕ್ಕಿಂತ ಹೆಚ್ಚು ಮಂದಿಯ ಗುಂಪಾಗಿ ಕಾಲ್ನಡಿಗೆಯಲ್ಲಾಗಲಿ ಹೆದ್ದಾರಿಯನ್ನು ಪ್ರವೇಶಿಸುವ ಹಕ್ಕು ಯಾರಿಗೂ ಇಲ್ಲ. ಬಂಕು, ವಿಶ್ರಾಂತಿ ತಾಣ, ಖಾಸಗಿ ಕಟ್ಟಡ, ಸಂಪರ್ಕ ರಸ್ತೆಗಳಿಗೆ ಅನುಮತಿ ಕೊಡುವ ಕ್ರಮವನ್ನು ಕೇಂದ್ರದ ಹೆದ್ದಾರಿ ಸಚಿವಾಲಯವು 2020ರ ಜೂನ್ ತಿಂಗಳಿನಲ್ಲಿ ಒಂದೆಡೆ ಕ್ರೋಡೀಕರಿಸಿತು.

ಹಳ್ಳಿಗನ ವಾದವು ಇದಕ್ಕೆ ನೇರ ವಿರುದ್ಧ. ಅವನ ಬಂಡಿದಾರಿ ಹೆದ್ದಾರಿಗಿಂತ ಹಳೆಯದು. ಹೆದ್ದಾರಿಯೇ ಬಂದು ಅವನ ಹೊಲವನ್ನು ಎರಡು ಪಾಲು ಮಾಡಿತು. ಆಚೆಯ ಪಾಲಿಗೆ ಹೋಗಲು ಅವನು ಯಾರಿಗೆ ಅರ್ಜಿ ಕೊಡಬೇಕು? ಈ ವಾದದಲ್ಲಿ ನ್ಯಾಯವಿದೆ. ಶಾಸನದಲ್ಲಿಯೂ ನ್ಯಾಯವಿದೆ. ಎರಡನ್ನೂ ಒಪ್ಪಿದವನಿಗೆ ತಪ್ಪಿಸಿಕೊಳ್ಳಲಾಗದ ತೀರ್ಮಾನ ಒಂದೇ: ಪ್ರವೇಶವು ಅನುಮತಿಯ ವಿಷಯವಾದರೆ, ಆ ಪ್ರವೇಶ ಸುರಕ್ಷಿತವಾಗಿದೆಯೇ ಎಂದು ಅರಿಯುವ ಹೊಣೆ ಅನುಮತಿಯ ಅಧಿಕಾರವನ್ನು ಇಟ್ಟುಕೊಂಡವರದು.

ಕಣ್ಣಿನ ತ್ರಿಕೋನ

ಪ್ರವೇಶಸ್ಥಾನದ ಪರೀಕ್ಷೆಯಲ್ಲಿ ಮೊದಲು ನೋಡತಕ್ಕದ್ದು ದೃಷ್ಟಿ. ಅಡ್ಡದಾರಿಯಲ್ಲಿ ಹೆದ್ದಾರಿಯ ಅಂಚಿನಿಂದ 15 ಮೀಟರು ಹಿಂದೆ ನಿಂತು, ಕುಳಿತ ಚಾಲಕನ ಕಣ್ಣಿನ ಎತ್ತರವಾದ 1.2 ಮೀಟರಿಗೆ ನಮ್ಮ ಕಣ್ಣನ್ನು ಇಳಿಸಿ ಬಲಕ್ಕೂ ಎಡಕ್ಕೂ ನೋಡಿದರೆ, ಗಂಟೆಗೆ 80 ಕಿಲೋಮೀಟರು ವೇಗದ ಹೆದ್ದಾರಿಯಲ್ಲಿ 180 ಮೀಟರು, 100 ಕಿಲೋಮೀಟರು ವೇಗದಲ್ಲಿ 220 ಮೀಟರು ದೂರದವರೆಗೆ ಬರುವ ವಾಹನ ಕಾಣಬೇಕೆಂಬುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಮಾಣ. ಈ ಮೂರು ಬಿಂದುಗಳ ನಡುವಣ ತ್ರಿಕೋನದೊಳಗೆ ಗಿಡ, ಗೋಡೆ, ಗೂಡಂಗಡಿ, ಫ್ಲೆಕ್ಸು ಯಾವುದೂ ಇರಕೂಡದು.

ಈ ಅಂಕೆಗಳು ಬಂದದ್ದು ಎಂಟು ಸೆಕೆಂಡುಗಳ ಲೆಕ್ಕದಿಂದ. ನಿಂತ ವಾಹನವೊಂದು ಹೊರಟು ಹೆದ್ದಾರಿಯನ್ನು ದಾಟಲು ಸುಮಾರು ಅಷ್ಟು ಸಮಯ ಬೇಕು. 80 ಕಿಲೋಮೀಟರಿನ ವೇಗದವನು ಸೆಕೆಂಡಿಗೆ 22 ಮೀಟರಿನಂತೆ ಅಷ್ಟರಲ್ಲಿ 180 ಮೀಟರು ಬಂದಿರುತ್ತಾನೆ. ಈಗ ನಮ್ಮ ಹತ್ತಿಯ ಟ್ರೇಲರನ್ನು ಈ ಲೆಕ್ಕಕ್ಕೆ ಒಡ್ಡಿ ನೋಡೋಣ. ಭಾರ ಹೊತ್ತು ದಿಣ್ಣೆಯೇರಿ ಹೊರಟ ಅದು ಎಂಟರ ಬದಲು ಹತ್ತು ಸೆಕೆಂಡು ತೆಗೆದುಕೊಂಡರೆ ಬೇಕಾಗುವ ದೂರ 220 ಮೀಟರು. ಹೆಚ್ಚಾದ ಎರಡು ಸೆಕೆಂಡಿನಲ್ಲಿ ಹೆದ್ದಾರಿಯ ಮೇಲೆ ಉಳಿದಿರುವುದು, ದೀಪವಿಲ್ಲದ ಟ್ರೇಲರಿನ ಹಿಂಭಾಗ. ಆದುದರಿಂದ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಳತೆ ಬಳಿಚಕ್ರದಂಥ ಊರಿಗೆ ಸಾಲದು. ಅಲ್ಲಿ ನಿಜವಾಗಿ ಹೆದ್ದಾರಿಗೆ ಹತ್ತುವ ವಾಹನ ಯಾವುದೆಂದು ನೋಡಿ ಅಳೆಯಬೇಕು.

ಹೆದ್ದಾರಿಯ ಮೇಲಿನ ಚಾಲಕನಿಗೂ ಬೇರೊಂದು ದೂರ ಬೇಕು. ಅಪಾಯವನ್ನು ಕಂಡು, ತಿಳಿದು, ಬ್ರೇಕಿಗೆ ಕಾಲಿಡಲು ಎರಡೂವರೆ ಸೆಕೆಂಡು ಹಿಡಿಯುತ್ತದೆಂದು ಎಂಜಿನಿಯರರು ಗಣಿಸುತ್ತಾರೆ. 80 ಕಿಲೋಮೀಟರು ವೇಗದಲ್ಲಿ, ಬ್ರೇಕು ಹಿಡಿಯುವುದಕ್ಕೆ ಮೊದಲೇ 55 ಮೀಟರು ಕಳೆದಿರುತ್ತದೆ. ವಾಹನ ಪೂರ್ತಿ ನಿಲ್ಲುವ ಹೊತ್ತಿಗೆ ಒಟ್ಟು 120 ಮೀಟರಿನಷ್ಟು ಹೋಗಿರುತ್ತದೆ. 100 ಕಿಲೋಮೀಟರಿನಲ್ಲಿ ಅದು 180 ಮೀಟರು.

ಇನ್ನು ಋತುಮಾನದ ಮಾತು. ಆಷಾಢದಲ್ಲಿ ಬಿತ್ತನೆಯಾದ ಹೊಸತರಲ್ಲಿ ಹೊಲ ಬಯಲಾಗಿದ್ದು ಕಣ್ಣಿಗೆ ಅಡ್ಡಿಯೇ ಇರುವುದಿಲ್ಲ. ಮಾರ್ಗಶಿರದ ಹೊತ್ತಿಗೆ ಅದೇ ಮೂಲೆಯ ಹೊಲದಲ್ಲಿ ತೊಗರಿ ಆಳೆತ್ತರ ನಿಂತಿರುತ್ತದೆ. ಬೇಸಗೆಯ ಹಗಲಿನಲ್ಲಿ ಒಮ್ಮೆ ಬಂದು ಅಳೆದುಹೋದವನಿಗೆ ತೊಗರಿಯ ಕಾಲದ ಕ್ರಾಸೂ ಇರುಳಿನ ಕ್ರಾಸೂ ತಿಳಿಯುವುದೆಂತು?

ಡಿಕ್ಕಿಗೆ ಎಷ್ಟು ಎಡೆ?

ಎರಡನೆಯ ಪರೀಕ್ಷೆ ಎಣಿಕೆಯದು. ಎರಡು ರಸ್ತೆಗಳು ಪರಸ್ಪರ ಅಡ್ಡ ಹಾಯುವ ನಾಲ್ಕು ದಾರಿಯ ಕೂಟದಲ್ಲಿ ವಾಹನಗಳ ಪಥಗಳು ಒಂದನ್ನೊಂದು ಕತ್ತರಿಸುವ, ಕೂಡುವ, ಅಗಲುವ ಬಿಂದುಗಳು ಒಟ್ಟು 32. ಮೂರು ದಾರಿಯ ಕೂಟದಲ್ಲಿ 9 ಮಾತ್ರ. ಆದುದರಿಂದ ಎದುರುಬದುರಾಗಿರುವ ಎರಡು ಊರದಾರಿಗಳನ್ನು ತುಸು ಅಂತರಕ್ಕೆ ಸರಿಸಿ ಎರಡು ಪ್ರತ್ಯೇಕ ಕೂಟಗಳನ್ನಾಗಿಸಿದರೆ ಬಿಂದುಗಳು 18ಕ್ಕೆ ಇಳಿಯುತ್ತವೆ. ನೇರವಾಗಿ ಅಡ್ಡ ಕತ್ತರಿಸುವ ಪಥಗಳಲ್ಲಿ ಆಗುವ ಡಿಕ್ಕಿಗಳು ಅತ್ಯಂತ ಘೋರವಾದವು. ಅವೇ ಇದರಿಂದ ಹೆಚ್ಚಾಗಿ ತಗ್ಗುತ್ತವೆ.

ಪ್ರವೇಶಗಳ ನಡುವಣ ಅಂತರವೂ ಇದೇ ಕಾರಣದಿಂದ ಮುಖ್ಯ. ಪ್ರಮುಖ ಕೂಟದಿಂದ ಪೆಟ್ರೋಲ್ ಬಂಕು 300 ಮೀಟರು ದೂರವಿರಬೇಕೆಂಬ ನಿಯಮದ ಹಿಂದಿನ ವಿಚಾರ ಇಷ್ಟೇ: ಬಂಕಿಗೆ ತಿರುಗುವವನ ಸಂಕೇತವನ್ನು ಊರಿಗೆ ತಿರುಗುವುದಕ್ಕೆಂದು ಭಾವಿಸಿ ಹಿಂದಿನವನು ಮೋಸಹೋಗಬಾರದು, ಒಂದು ನಿರ್ಣಯ ಮುಗಿದ ಮೇಲೆ ಇನ್ನೊಂದಕ್ಕೆ ಮನಸ್ಸು ಸಿದ್ಧವಾಗಲು ಸಮಯವಿರಬೇಕು.

ಇವಲ್ಲದೆ ಪರೀಕ್ಷಕರು ಕೇಳುವ ಪ್ರಶ್ನೆಗಳು ಹಲವು. ವಾಹನಗಳು ಫಲಕದ ಮೇಲಿನ ವೇಗದಲ್ಲಿ ಓಡುತ್ತಿವೆಯೋ, ಅದಕ್ಕಿಂತ ಎಷ್ಟು ಹೆಚ್ಚು? ಅಡ್ಡದಾರಿಯ ಕೊನೆಯ 15 ಮೀಟರು ಸಮತಲವಾಗಿ ಡಾಂಬರು ಕಂಡಿದೆಯೋ, ಅಥವಾ ಗಾಲಿ ಜಾರುವ ಗರಸಿನ ಏರೋ? ದಾಟುವವರು ಯಾರು: ಶಾಲೆಯ ಮಕ್ಕಳೋ, ಕೂಲಿಯವರೋ, ಕುರಿಯ ಹಿಂಡೋ? ಬಸ್ಸು ನಿಲ್ಲುವುದು ಕೂಟದ ಮೊದಲೋ, ಆಮೇಲೋ? ರಾಶಿ ಮಾಡಲು ತೊಗರಿಯನ್ನು ಟಾರಿನ ಮೇಲೆಯೇ ಹರವುತ್ತಾರೋ?

ಸಾವನ್ನು ಎಣಿಸುವ ಲೆಕ್ಕ

ನಮ್ಮ ವ್ಯವಸ್ಥೆಯಲ್ಲಿ ಅಪಾಯದ ಜಾಗವೆಂದು ಗುರುತಾಗುವುದು ‘ಬ್ಲ್ಯಾಕ್ ಸ್ಪಾಟ್’ ಎಂಬ ಹೆಸರಿನಿಂದ. ಸುಮಾರು 500 ಮೀಟರು ಉದ್ದದ ಭಾಗದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯಗಳಾದ 5 ಅಪಘಾತಗಳು ನಡೆದಿದ್ದರೆ, ಅಥವಾ 10 ಮಂದಿ ಸತ್ತಿದ್ದರೆ, ಅದು ಬ್ಲ್ಯಾಕ್ ಸ್ಪಾಟ್. ಸೀಮಿತವಾದ ಹಣವನ್ನು ಮೊದಲು ಎಲ್ಲಿ ಖರ್ಚು ಮಾಡಬೇಕೆಂದು ತಿಳಿಯಲು ಈ ಮಾನದಂಡ ಉಪಯುಕ್ತವೇ ಸರಿ. ಆದರೆ ಇದನ್ನೊಂದನ್ನೇ ನಂಬಿ ಕುಳಿತರೆ, ಹೆಣ ಬಿದ್ದ ಮೇಲೆ ಬಾವಿಗೆ ಕಟ್ಟೆ ಕಟ್ಟಿದಂತಾಗುತ್ತದೆ.

ಅದರಲ್ಲಿಯೂ ಹೊಲದ ದಾರಿಗಳ ಪ್ರವೇಶಗಳು ಚಿಕ್ಕವು, ಚದುರಿದವು. ಒಂದೊಂದರಲ್ಲಿ ಮೂರು ವರ್ಷಕ್ಕೆ ಒಂದು ಸಾವಾದರೆ ಯಾವ ಪಟ್ಟಿಗೂ ಅದು ಸೇರುವುದಿಲ್ಲ. ಅಂಥವು ನೂರಿದ್ದರೆ ನೂರು ಸಾವು, ಪಟ್ಟಿ ಮಾತ್ರ ಖಾಲಿ.

ಈ ಕೊರತೆಯನ್ನು ನೀಗಲು ಎರಡು ಉಪಾಯಗಳು ಬೆಳೆದುಬಂದಿವೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಸಂಶೋಧಕರು, ಆದ ಅಪಘಾತಗಳ ಬದಲಿಗೆ ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನು ಎಣಿಸುವ ಕ್ರಮವನ್ನು ರೂಪಿಸಿದರು: ಕ್ರಾಸಿನ ಬದಿಯಲ್ಲಿ ಕುಳಿತು, ಯಾರು ಎಷ್ಟು ಬಾರಿ ತಟ್ಟನೆ ಬ್ರೇಕು ಹಾಕಿದರು, ಎಷ್ಟು ಬಾರಿ ಪಕ್ಕಕ್ಕೆ ಹೊರಳಿಸಿದರು ಎಂದು ಬರೆದುಕೊಳ್ಳುವುದು. ಮೂರು ವರ್ಷ ಕಾಯದೆ ಮೂರು ದಿನಗಳಲ್ಲಿ ಅಪಾಯದ ಸ್ವರೂಪ ಇದರಿಂದ ತಿಳಿಯುತ್ತದೆ. ಇನ್ನೊಂದು, 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ರಸ್ತೆ ಸುರಕ್ಷತಾ ಆಡಿಟ್. ರಸ್ತೆಯನ್ನು ಕಟ್ಟಿದವರಲ್ಲದ ಸ್ವತಂತ್ರ ತಜ್ಞರು, ನಕ್ಷೆಯ ಹಂತದಿಂದ ತೊಡಗಿ ಸಂಚಾರ ನಡೆಯುತ್ತಿರುವ ರಸ್ತೆಯವರೆಗೆ ದೋಷಗಳನ್ನು ಹುಡುಕುವ ಕ್ರಮ. ಇದಕ್ಕೆ ನಮ್ಮಲ್ಲಿಯೂ 2010ರಿಂದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿಯಿದೆ.

ಉಬ್ಬು ಎಲ್ಲಿರಬೇಕು?

ಊರಿನ ಮುಂದೆ ಅಪಘಾತವಾದೊಡನೆ ಜನ ರಸ್ತೆ ತಡೆದು ಕೇಳುವುದು ಒಂದೇ: ‘ಹಂಪ್ ಹಾಕ್ರಿ.’ ಅವರ ಸಂಕಟ ನಿಜ. ಕೇಳುವ ಜಾಗ ಮಾತ್ರ ವಿಚಾರಾರ್ಹ. ವೇಗವಾಗಿ ಬಂದ ಲಾರಿ ಬೆಳಕಿಲ್ಲದ ಉಬ್ಬನ್ನು ಕಾಣದೆ ಹಾರಿದರೆ, ಬೈಕಿನ ಹಿಂದೆ ಕುಳಿತವರು ಎಗರಿ ಬಿದ್ದರೆ, ಪರಿಹಾರವೇ ಹೊಸ ಅಪಾಯವಾಗುತ್ತದೆ. ಉಬ್ಬು ಇರಬೇಕಾದ ಯೋಗ್ಯ ಸ್ಥಳ ಅಡ್ಡದಾರಿಯ ಬಾಯಿ. ಹೆದ್ದಾರಿಗೆ ಸೇರುವವನು ಅಲ್ಲಿ ನಿಂತು ನೋಡಿಯೇ ಮುಂದುವರಿಯುವಂತಾಗಬೇಕು. ಹೆದ್ದಾರಿಯ ಮೇಲಾದರೆ ಊರು ಬಂತೆಂದು ಮುಂಚಿತವಾಗಿ ತಿಳಿಸುವ ಫಲಕ, ಗಾಲಿಯನ್ನು ಗಡಗಡಿಸುವ ತೆಳು ಪಟ್ಟಿಗಳು, ಮಿನುಗುವ ಹಳದಿ ದೀಪ ಹೆಚ್ಚು ಕ್ಷೇಮಕರ.

ಉಳಿದ ಪರಿಹಾರಗಳಲ್ಲಿ ಹಲವು ಅಗ್ಗವಾದವು. ಜಾಲಿ ಕಡಿಯುವುದು, ಚಪ್ಪರವನ್ನು ತ್ರಿಕೋನದಿಂದ ಹಿಂದೆ ಸರಿಸುವುದು, ‘ನಿಲ್ಲಿ’ ಫಲಕ ಮತ್ತು ಬಿಳಿ ಗೆರೆ, ಟ್ರೇಲರುಗಳ ಬೆನ್ನಿಗೆ ಹೊಳೆಯುವ ಪಟ್ಟಿ: ಇವಕ್ಕೆ ಕೋಟಿಗಳು ಬೇಕಿಲ್ಲ. ಬಸ್ಸಿಗೂ ಲಾರಿಗೂ ಟಾರಿನಿಂದ ಹೊರಗೆ ನಿಲ್ಲುವ ಜಾಗ, ಬಲಕ್ಕೆ ತಿರುಗುವವನು ನಡುವೆ ಕಾಯಲು ಪ್ರತ್ಯೇಕ ಪಥ, ಹತ್ತು ಹೊಲದ ದಾರಿಗಳನ್ನು ಒಂದುಗೂಡಿಸಿ ಸುರಕ್ಷಿತವಾದ ಒಂದೆಡೆ ಹೆದ್ದಾರಿಗೆ ಬಿಡುವ ಸರ್ವಿಸ್ ರಸ್ತೆ: ಇವಕ್ಕೆ ಹಣವೂ ಭೂಮಿಯೂ ಬೇಕು, ಹಿಂದೆ ಸರಿಯಬೇಕಾದ ಅಂಗಡಿಯವನಿಗೆ ಬೇರೆ ನೆಲೆಯೂ ಬೇಕು.

ಬೇಲಿ ಹಾಕಿದ ಹೆದ್ದಾರಿ

ಪ್ರವೇಶವನ್ನೇ ಮುಚ್ಚಿಬಿಡುವುದು ಇನ್ನೊಂದು ಮಾರ್ಗ. 2023ರ ಜನವರಿ 19ರಂದು ಇದೇ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಗಳು ಶಂಕುಸ್ಥಾಪನೆ ಮಾಡಿದ ರಾಷ್ಟ್ರೀಯ ಹೆದ್ದಾರಿ 150ಸಿಯ 65.5 ಕಿಲೋಮೀಟರುಗಳ ಭಾಗವು, ಸೂರತ್–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಅಂಗವಾದ ಆರು ಪಥದ ನಿಯಂತ್ರಿತ ಪ್ರವೇಶದ ಹೆದ್ದಾರಿ. ಅಂಥ ಹೆದ್ದಾರಿಗೆ ನಿಗದಿಯಾದ ಕೂಟಗಳಲ್ಲಲ್ಲದೆ ಬೇರೆಲ್ಲಿಯೂ ಹತ್ತುವಂತಿಲ್ಲ.

ಇದರ ಗುಣದೋಷಗಳನ್ನು ಬೆಂಗಳೂರು–ಮೈಸೂರು ಹೆದ್ದಾರಿ ನಮಗೆ ಆಗಲೇ ತೋರಿಸಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ಮಾರ್ಗದಲ್ಲಿ ಸಾವುಗಳು ಹೆಚ್ಚಿದಾಗ, ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ನಿಷೇಧಿಸಲಾಯಿತು. ಅವು ಪಕ್ಕದ ಸರ್ವಿಸ್ ರಸ್ತೆಗೆ ಹೋಗಬೇಕಾಯಿತು. ಸರ್ವಿಸ್ ರಸ್ತೆ ಇದ್ದಲ್ಲಿ ಇದು ಸಾಧ್ಯ. ಅದಿಲ್ಲದೆ, ಕೆಳಸೇತುವೆ ದೂರದಲ್ಲಿದ್ದು ಹೊಲ ಮಾತ್ರ ಎದುರಿಗೇ ಇದ್ದರೆ, ಬೇಲಿ ಬಹುಕಾಲ ಉಳಿಯುವುದಿಲ್ಲ. ಜನರೇ ಅದನ್ನು ಕತ್ತರಿಸಿ ಯಾವ ನಕ್ಷೆಯಲ್ಲಿಯೂ ಇಲ್ಲದ ಪ್ರವೇಶವನ್ನು ಮಾಡಿಕೊಳ್ಳುತ್ತಾರೆ. ಹೊಸ ಹೆದ್ದಾರಿಯ ಕೆಳಸೇತುವೆಗಳನ್ನು ಊರವರ ನಿತ್ಯದ ನಡಿಗೆಯನ್ನು ನೋಡಿ ನಿಶ್ಚಯಿಸುವುದೂ ಸುರಕ್ಷತಾ ಮೌಲ್ಯಮಾಪನದ ಭಾಗವೇ.

ಹೊಣೆ ಯಾರದು?

2019ರಲ್ಲಿ ಮೋಟಾರು ವಾಹನ ಅಧಿನಿಯಮಕ್ಕೆ ಆದ ತಿದ್ದುಪಡಿಯು 198ಎ ಎಂಬ ಹೊಸ ಪ್ರಕರಣವನ್ನು ಸೇರಿಸಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ನಿಗದಿತ ಸುರಕ್ಷತಾ ಮಾನದಂಡಗಳನ್ನು ಪಾಲಿಸದೆ, ಅದರಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ, ಹೊಣೆಗಾರರಾದ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ. ಮೊತ್ತ ದೊಡ್ಡದಲ್ಲ, ಆದರೆ ಅಪಘಾತಕ್ಕೆ ಚಾಲಕನಲ್ಲದೆ ರಸ್ತೆಯೂ ಕಾರಣವಾಗಬಹುದೆಂದು ಶಾಸನವೇ ಒಪ್ಪಿದ ಸಂಗತಿ ದೊಡ್ಡದು.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಪೊಲೀಸ್, ಸಾರಿಗೆ, ಲೋಕೋಪಯೋಗಿ ಇಲಾಖೆಗಳು ಒಟ್ಟಿಗೆ ಕೂರುತ್ತವೆ. ಅಪಾಯದ ಪ್ರವೇಶಸ್ಥಾನಗಳನ್ನು ಹೆಸರಿಸಿ ಗ್ರಾಮಸಭೆಯ ಠರಾವನ್ನು ಆ ಸಮಿತಿಗೆ ಕಳುಹಿಸಬಹುದು. ತಮ್ಮ ಊರಿನ ಮುಂದಿನ ಹೆದ್ದಾರಿಯ ಸುರಕ್ಷತಾ ಆಡಿಟ್ ಆಗಿದೆಯೇ, ಆಗಿದ್ದರೆ ಅದು ಸೂಚಿಸಿದ ಯಾವ ಕೆಲಸ ನಡೆದಿದೆ ಎಂಬುದನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಹತ್ತು ರೂಪಾಯಿ ಶುಲ್ಕದೊಡನೆ ಯಾರಾದರೂ ಕೇಳಬಹುದು.

ರಸ್ತೆಗೆ ಇಳಿಯುವ ಪ್ರತಿಯೊಬ್ಬನೂ ಎಚ್ಚರದಿಂದಿರಬೇಕು, ನಿಜ. ಆದರೆ ಎಚ್ಚರದಿಂದಿರುವವನಿಗೂ ಕಾಣದಂತಿರುವ ಕ್ರಾಸಿನಲ್ಲಿ ಎಚ್ಚರವೊಂದರಿಂದಲೇ ಜೀವ ಉಳಿಯುವುದಿಲ್ಲ. ಹೆದ್ದಾರಿಗೆ ಹತ್ತಲು ಅನುಮತಿ ಕೊಡುವ ಅಧಿಕಾರ ಯಾರದೋ, ಹತ್ತುವ ಜಾಗವನ್ನು ಮೊದಲೇ ಅಳೆದು ಸರಿಪಡಿಸುವ ಹೊಣೆಯೂ ಅವರದೇ. ಆ ಅಳತೆ ಆಗಿದೆಯೇ ಎಂದು ಕೇಳಿ ಉತ್ತರ ಪಡೆಯುವ ಕೆಲಸ ಊರಿನವರದು.